ಯಾವ ತಾಪದಲ್ಲಿ, ಯಾವ ಒತ್ತಡದಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮಕ್ಕಳು, ಅವರ ಅಪ್ಪ ಅಮ್ಮಂದಿರು, ವರ್ಕ್‌ಶಾಪ್ ಮಾಲೀಕರು, ಲ್ಯಾಬ್ ಟೆಕ್ನಿಷಿಯನ್‌ಗಳು ಅಳತೆಗೆ ಒಪ್ಪಿಕೊಂಡಿರುವ ಮಾನಕ ತಾಪ, ಒತ್ತಡಗಳ ಬಗ್ಗೆ ಮಾತಿನಲ್ಲೋ ಪತ್ರದಲ್ಲೋ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಬೇಕಾದ ಪ್ರಶ್ನೆಯನ್ನು ಮಾತ್ರ ಓದಿಕೊಂಡರೂ ನಡೆಯುತ್ತದೆ.

## ಮೊದಲಿಗೆ

ಎಸ್‌ಟಿಪಿ ಅಂದ್ರೆ ಏನು ಸರ್? ಸುತ್ತಿ ಬಳಸದೆ ಹೇಳಿ.

ಸ್ಟ್ಯಾಂಡರ್ಡ್ ಟೆಂಪರೇಚರ್ ಅಂಡ್ ಪ್ರೆಶರ್: ಅಳತೆ ಮಾಡುವವರೆಲ್ಲ ಒಪ್ಪಿಕೊಂಡ ಒಂದು ತಾಪಮಾನ, ಒಂದು ಒತ್ತಡ. ಇದು ಪ್ರಕೃತಿಯ ನಿಯಮವಲ್ಲ, ಮನುಷ್ಯರು ಮಾಡಿಕೊಂಡ ಒಪ್ಪಂದ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪ್ಯಾಕ್ ಪ್ರಕಾರ ಈಗ ಅದು 0 ಡಿಗ್ರಿ ಸೆಲ್ಸಿಯಸ್ ಮತ್ತು 1 ಬಾರ್, ಅಂದರೆ 273.15 ಕೆಲ್ವಿನ್ ಮತ್ತು 100 ಕಿಲೋಪಾಸ್ಕಲ್.

ಯಾಕೆ ಬೇಕು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮಂಗಳೂರಿನ ಕಡಲ ಮಟ್ಟದಲ್ಲಿ ಒಂದು ಸಡಿಲ ಚೀಲಕ್ಕೆ 1 ಲೀಟರ್ ಗಾಳಿ ತುಂಬಿ, ಬಾಯಿ ಕಟ್ಟಿ, 900 ಮೀಟರ್ ಎತ್ತರದ ಬೆಂಗಳೂರಿಗೆ ತನ್ನಿ. ತಾಪಮಾನ ಅಷ್ಟೇ ಇದ್ದರೂ ಇಲ್ಲಿ ಅದು ಸುಮಾರು 1.1 ಲೀಟರ್ ಆಗಿರುತ್ತದೆ. ಒಳಗಿನ ಅಣುಗಳಲ್ಲಿ ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಹಾಗಾದರೆ ಚೀಲದಲ್ಲಿ ಎಷ್ಟು ಗಾಳಿಯಿದೆ? ಎರಡೂ ಊರಿನವರಿಗೆ ಒಂದೇ ಉತ್ತರ ಬರಬೇಕೆಂದರೆ "ಇಂಥ ತಾಪ, ಇಂಥ ಒತ್ತಡದಲ್ಲಿ ಇದ್ದಿದ್ದರೆ ಇಷ್ಟು" ಎಂದು ಲೆಕ್ಕ ಹಾಕಿಯೇ ಹೇಳಬೇಕು.

ಈ ತಲೆನೋವು ಗಾಳಿ, ಗ್ಯಾಸಿಗೆ ಮಾತ್ರ ತಾನೆ? ಹಾಲು ಅಳೆಯೋದಕ್ಕೆ ಇದೆಲ್ಲ ಬೇಡವಲ್ಲ?

ಒತ್ತಡದ ಕಾಟ ಹೆಚ್ಚಾಗಿ ಅನಿಲಕ್ಕೇ. ದ್ರವವನ್ನಾಗಲಿ ಘನವನ್ನಾಗಲಿ ವಾತಾವರಣದ ಒತ್ತಡ ಹಿಂಡಿದರೂ ಗಾತ್ರ ಬದಲಾಗುವುದು ಲೆಕ್ಕಕ್ಕೆ ಸಿಗದಷ್ಟು. ತಾಪದ ಕಾಟ ಮಾತ್ರ ಎಲ್ಲದಕ್ಕೂ ಇದೆ.

ಹಾಲನ್ನೇ ತೆಗೆದುಕೊಳ್ಳಿ. ಹಾಲಿನ ಸೊಸೈಟಿಯಲ್ಲಿ ಮುಳುಗಿಸುವ ಲ್ಯಾಕ್ಟೋಮೀಟರಿನ ಮೇಲೆ ಒಂದು ತಾಪಮಾನ ಅಚ್ಚಾಗಿರುತ್ತದೆ. ಹಳೆಯ ಕ್ವೆವೆನ್ ಮಾದರಿಗೆ 60 ಡಿಗ್ರಿ ಫ್ಯಾರನ್‌ಹೀಟ್, ಝೀಲ್ ಮಾದರಿಗೆ 84, ಐಎಸ್‌ಐ ಮಾದರಿಗೆ 27 ಡಿಗ್ರಿ ಸೆಲ್ಸಿಯಸ್. ಆಗಷ್ಟೇ ಕರೆದ ಬೆಚ್ಚನೆಯ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗುತ್ತದೆ, ರೀಡಿಂಗ್ ಕಮ್ಮಿ ಬರುತ್ತದೆ. ತಾಪದ ತಿದ್ದುಪಡಿ ಹಾಕದಿದ್ದರೆ ನೀರು ಬೆರೆಸದ ರೈತನ ಮೇಲೂ ಅನುಮಾನ ಬರುತ್ತದೆ. ಮೂರು ಮಾದರಿಗೆ ಮೂರು ತಾಪ ಇರುವುದರಿಂದ ಒಂದರ ತಿದ್ದುಪಡಿ ಪಟ್ಟಿಯನ್ನು ಇನ್ನೊಂದಕ್ಕೆ ಬಳಸಿದರೂ ಅದೇ ಎಡವಟ್ಟು.

22.4 ಲೀಟರಾ, 22.7 ಲೀಟರಾ? ಮಗನ ಟೆಕ್ಸ್ಟ್‌ಬುಕ್‌ನಲ್ಲಿ ಒಂದಿದೆ, ಗೈಡ್‌ನಲ್ಲಿ ಇನ್ನೊಂದಿದೆ.

ಎರಡೂ ಸರಿ, ಒತ್ತಡ ಬೇರೆ ಬೇರೆ. ಮೊದಲು ಎಸ್‌ಟಿಪಿ ಎಂದರೆ 0 ಡಿಗ್ರಿ, 1 ಅಟ್ಮಾಸ್ಫಿಯರ್ (101.325 ಕಿಲೋಪಾಸ್ಕಲ್) ಆಗಿತ್ತು. ಅದರಲ್ಲಿ ಒಂದು ಮೋಲ್ (ಅಣುಗಳ ಒಂದು ನಿಗದಿತ ಎಣಿಕೆ) ಆದರ್ಶ ಅನಿಲದ ಗಾತ್ರ 22.414 ಲೀಟರ್. 1982ರಲ್ಲಿ ಐಯುಪ್ಯಾಕ್ ಒತ್ತಡವನ್ನು 1 ಬಾರ್‌ಗೆ ಇಳಿಸಿತು. ಒತ್ತಡ ಕಮ್ಮಿಯಾದರೆ ಗಾತ್ರ ಹಿಗ್ಗಬೇಕು, ಹಾಗಾಗಿ 22.711 ಲೀಟರ್. ವ್ಯತ್ಯಾಸ ಶೇ 1.3.

ಇದಾಗಿ ನಾಲ್ಕು ದಶಕ ದಾಟಿದರೂ 22.4 ಇನ್ನೂ ಎಲ್ಲರ ಬಾಯಲ್ಲಿದೆ. ಪರೀಕ್ಷೆಯಲ್ಲಿ ಪ್ರಶ್ನೆಯೊಳಗೆ ಕೊಟ್ಟ ಒತ್ತಡ ನೋಡಿ: 1 ಬಾರ್ ಎಂದಿದ್ದರೆ 22.7, 1 ಅಟ್ಮಾಸ್ಫಿಯರ್ ಎಂದಿದ್ದರೆ 22.4. ಏನೂ ಕೊಡದೆ "ಎಸ್‌ಟಿಪಿಯಲ್ಲಿ" ಎಂದಷ್ಟೇ ಇದ್ದರೆ ಆಯ್ಕೆಗಳನ್ನು ನೋಡಿ ಯಾವುದು ಹೊಂದುತ್ತದೆಂದು ತೀರ್ಮಾನಿಸಬೇಕಾಗುತ್ತದೆ. ಇದು ಮಕ್ಕಳ ತಪ್ಪಲ್ಲ, ಪ್ರಶ್ನೆ ಬರೆದವರ ಸೋಮಾರಿತನ. 25 ಡಿಗ್ರಿ, 1 ಬಾರ್ ಎಂದು ಕೊಟ್ಟಿದ್ದರೆ 24.79 ಲೀಟರ್.

ಸೊನ್ನೆ ಡಿಗ್ರಿನೇ ಯಾಕೆ? ನಮ್ಮೂರಲ್ಲಿ ಯಾವತ್ತೂ ಅಷ್ಟು ಚಳಿ ಇರಲ್ಲ.

ಊರಿನ ಹವೆಗೂ ಅದಕ್ಕೂ ಸಂಬಂಧವಿಲ್ಲ. ಕರಗುತ್ತಿರುವ ಮಂಜುಗಡ್ಡೆ ಎಲ್ಲೇ ಇರಲಿ, ಶುದ್ಧವಾಗಿದ್ದರೆ ಅದರ ತಾಪ ಒಂದೇ. ಹತ್ತೊಂಬತ್ತನೇ ಶತಮಾನದಲ್ಲಿ ಎಸಿ ಇರಲಿಲ್ಲ, ತಾಪವನ್ನು ಹಿಡಿದಿಡುವ ಎಲೆಕ್ಟ್ರಾನಿಕ್ ಯಂತ್ರವೂ ಇರಲಿಲ್ಲ. ಗಾಜಿನ ಬುರುಡೆಯ ಸುತ್ತ ಪುಡಿ ಮಂಜುಗಡ್ಡೆ ತುಂಬಿದರೆ ಸಾಕು, ಅದು ಕರಗಿ ಮುಗಿಯುವ ತನಕ ತಾಪ ಅಲುಗುವುದಿಲ್ಲ. ಫ್ರಾನ್ಸಿನ ವಿಕ್ಟರ್ ರೆನ್ಯೋ ಅನಿಲಗಳನ್ನು ತೂಗಿದ್ದು ಹೀಗೆಯೇ.

ಒತ್ತಡಕ್ಕೆ ಕಡಲ ಮಟ್ಟದ ಸರಾಸರಿಗೆ ಹತ್ತಿರವಾದ 760 ಮಿಲಿಮೀಟರ್ ಪಾದರಸದ ಎತ್ತರವನ್ನು ಆರಿಸಿಕೊಂಡರು. 1954ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ಅದನ್ನೇ 101325 ಪಾಸ್ಕಲ್ ಎಂದು ನಿಗದಿ ಮಾಡಿತು.

ಕುದಿಯೋ ನೀರಲ್ಲಿ ನನ್ನ ಥರ್ಮಾಮೀಟರ್ 97 ತೋರಿಸ್ತಿದೆ. ಹಾಳಾಗಿದೆಯಾ?

ಬೆಂಗಳೂರು, ಮೈಸೂರಿನ ಕಡೆಯವರಾದರೆ ಹಾಳಾಗಿಲ್ಲ. ನೀರು 100 ಡಿಗ್ರಿಗೆ ಕುದಿಯುವುದು 1 ಅಟ್ಮಾಸ್ಫಿಯರ್ ಒತ್ತಡದಲ್ಲಿ. ಬೆಂಗಳೂರಿನ ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್, ಇಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯಬೇಕು. 100 ತೋರಿಸಿದ್ದರೆ ಅನುಮಾನಪಡಬೇಕಿತ್ತು.

ವಿಜ್ಞಾನಕ್ಕೆ ಇದರಿಂದ ನಿಜವಾಗಲೂ ಏನು ಸಿಕ್ಕಿದೆ? ಬರೀ ಲೆಕ್ಕದ ಶಿಸ್ತು ತಾನೆ?

ಆರ್ಗಾನ್ ಸಿಕ್ಕಿದೆ. ಈ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

1890ರ ದಶಕದಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿ ಅನಿಲಗಳ ಸಾಂದ್ರತೆಯನ್ನು ಮತ್ತೆ ಅಳೆಯುತ್ತಿದ್ದರು. ಎರಡು ಲೀಟರಿಗೂ ಕಡಿಮೆ ಹಿಡಿಸುವ ಗಾಜಿನ ಬುರುಡೆ, ಸುತ್ತ ಮಂಜುಗಡ್ಡೆ, ಪಕ್ಕದಲ್ಲಿ ಒತ್ತಡ ನೋಡುವ ಪಾದರಸದ ಮಾನೋಮೀಟರ್. ಬುರುಡೆಯ ಗಾಳಿಯನ್ನು ಪೂರ್ತಿ ಹೀರಿ ತೆಗೆದಾಗ ಹೊರಗಿನ ಒತ್ತಡಕ್ಕೆ ಗಾಜೇ ಕೂದಲೆಳೆಯಷ್ಟು ಕುಗ್ಗುತ್ತದೆ, ಅದರಿಂದ ತೂಕದಲ್ಲಿ ತಪ್ಪು ನುಸುಳುತ್ತದೆ ಎಂಬುದನ್ನೂ ಅವರು ಗುರುತಿಸಿ ತಿದ್ದಿಕೊಂಡಿದ್ದರು. ರೆನ್ಯೋ ಅವರ ಕಣ್ಣಿಗೆ ಇದು ಬಿದ್ದಿರಲಿಲ್ಲ.

ಗಾಳಿಯಿಂದ ಆಕ್ಸಿಜನ್ ತೆಗೆದು ಉಳಿಸಿಕೊಂಡ ನೈಟ್ರೋಜನ್ ಆ ಬುರುಡೆಯಲ್ಲಿ 2.3102 ಗ್ರಾಂ ತೂಗಿತು. ರಾಸಾಯನಿಕಗಳಿಂದ ತಯಾರಿಸಿದ ನೈಟ್ರೋಜನ್ ಸುಮಾರು 2.2990 ಗ್ರಾಂ. ವ್ಯತ್ಯಾಸ 11 ಮಿಲಿಗ್ರಾಂ, ಅಂದರೆ ಶೇ ಅರ್ಧದಷ್ಟೂ ಇಲ್ಲ. ಎಷ್ಟು ಸಲ ತೂಗಿದರೂ ಅದು ಹೋಗಲಿಲ್ಲ.

ಈಗ ಇಲ್ಲೊಂದು ಲೆಕ್ಕ ಮಾಡಿ ನೋಡಿ. ಅನಿಲದ ತಾಪ 1 ಡಿಗ್ರಿ ಹೆಚ್ಚಾದರೆ ಅದೇ ಬುರುಡೆಯಲ್ಲಿ ಹಿಡಿಸುವ ತೂಕ 273ರಲ್ಲಿ ಒಂದು ಪಾಲು ಕಮ್ಮಿಯಾಗುತ್ತದೆ. ರೇಲಿ ಕಂಡ ವ್ಯತ್ಯಾಸಕ್ಕೆ 1.3 ಡಿಗ್ರಿ ತಾಪದ ಏರುಪೇರು ಸಾಕಿತ್ತು, ಇಲ್ಲವೇ ಒತ್ತಡದಲ್ಲಿ 4 ಮಿಲಿಮೀಟರ್ ಪಾದರಸದಷ್ಟು ಏಮಾರಿಕೆ. ಕೋಣೆಯ ತಾಪದಲ್ಲೇ ತುಂಬಿ ತೂಗಿದ್ದರೆ "ಇವತ್ತು ಸ್ವಲ್ಪ ಸೆಕೆಯಿತ್ತು" ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಾಪವೂ ಒತ್ತಡವೂ ಕಟ್ಟಿಹಾಕಿದಂತೆ ಇದ್ದುದರಿಂದಲೇ ಆ ನೆಪ ಹೇಳುವ ಹಾಗಿರಲಿಲ್ಲ. ಉಳಿದದ್ದು ಒಂದೇ ದಾರಿ: ಗಾಳಿಯ ನೈಟ್ರೋಜನ್‌ನಲ್ಲಿ ಇನ್ನೇನೋ ಭಾರದ್ದು ಬೆರೆತಿದೆ. 1894ರಲ್ಲಿ ರೇಲಿ ಮತ್ತು ವಿಲಿಯಂ ರಾಮ್ಸೆ ಅದನ್ನು ಹೊಸ ಮೂಲವಸ್ತು ಎಂದು ಸಾರಿದರು. ನಾವು ಉಸಿರಾಡುವ ಗಾಳಿಯಲ್ಲಿ ಶೇ 0.93ರಷ್ಟಿದ್ದೂ ಅಲ್ಲಿಯ ತನಕ ಯಾರ ಕೈಗೂ ಸಿಕ್ಕಿರಲಿಲ್ಲ. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ರೇಲಿಗೆ ಭೌತಶಾಸ್ತ್ರದಲ್ಲಿ, ರಾಮ್ಸೆಗೆ ರಸಾಯನಶಾಸ್ತ್ರದಲ್ಲಿ.

## ಮನೆ, ಬಂಕ್, ಆಸ್ಪತ್ರೆ

ಬೆಳಿಗ್ಗೆ ತಣ್ಣಗಿರುವಾಗ ಪೆಟ್ರೋಲ್ ಹಾಕಿಸಿದ್ರೆ ಹೆಚ್ಚು ಸಿಗುತ್ತಂತೆ, ಹೌದಾ?

ತತ್ವ ಸರಿ, ಲಾಭ ಇಲ್ಲ. ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಶೇ 1ಕ್ಕಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಆದರೆ ಬಂಕಿನ ಟ್ಯಾಂಕ್ ಇರುವುದು ನೆಲದಡಿಯಲ್ಲಿ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿನ ತಾಪ ಹೆಚ್ಚೇನೂ ಬದಲಾಗುವುದಿಲ್ಲ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಬಂಕಿನಲ್ಲಿ ಡೆನ್ಸಿಟಿ ಅಂತ ಒಂದು ನಂಬರ್ ಬರೆದಿರ್ತಾರಲ್ಲ, ಅದನ್ನ ನಾವು ಚೆಕ್ ಮಾಡಬಹುದಾ?

ಮಾಡಬಹುದು. ಅದು 15 ಡಿಗ್ರಿಯಲ್ಲಿನ ಸಾಂದ್ರತೆ. ಕೇಳಿದರೆ ಬಂಕಿನವರು ಅಳತೆಯ ಜಾಡಿ, ಹೈಡ್ರೋಮೀಟರ್, ಥರ್ಮಾಮೀಟರ್ ಮೂರನ್ನೂ ಕೊಡಬೇಕು. ಜಾಡಿಯ ಪೆಟ್ರೋಲಿನಲ್ಲಿ ಹೈಡ್ರೋಮೀಟರ್ 735 ತೋರಿಸಿತು, ತಾಪ 30 ಡಿಗ್ರಿ ಎಂದುಕೊಳ್ಳಿ. ಬೋರ್ಡಿನ ಮೇಲೆ 748 ಇದ್ದರೆ ಜಗಳಕ್ಕೆ ನಿಲ್ಲಬೇಡಿ. ಅವರ ಬಳಿ ಇರುವ ಪರಿವರ್ತನೆ ಪಟ್ಟಿಯಲ್ಲಿ 30 ಡಿಗ್ರಿಯ 735ಕ್ಕೆ 15 ಡಿಗ್ರಿಯಲ್ಲಿ ಸುಮಾರು 748 ಎಂದೇ ಸಿಗುತ್ತದೆ. ಹಾಗೆ ಪರಿವರ್ತಿಸಿದ ಮೇಲೂ ದಾಖಲೆಯ ಸಂಖ್ಯೆಗಿಂತ 3ಕ್ಕೂ ಹೆಚ್ಚು ಆಚೀಚೆ ಇದ್ದರೆ ಮಾತ್ರ ಪ್ರಶ್ನೆ ಮಾಡಿ.

ಪೈಪ್ ಗ್ಯಾಸ್ ಬಿಲ್‌ನಲ್ಲಿ ಎಸ್‌ಸಿಎಂ ಅಂತಿದೆ. ಮೀಟರ್ ತೋರಿಸೋದೂ ಅದನ್ನೇನಾ?

ಅಲ್ಲ. ಎಸ್‌ಸಿಎಂ ಎಂದರೆ 15 ಡಿಗ್ರಿ, 1 ಅಟ್ಮಾಸ್ಫಿಯರ್‌ಗೆ ತಂದು ಹೇಳಿದ ಘನಮೀಟರ್. ಅಡುಗೆಮನೆಯ ಸಾದಾ ಮೀಟರಿಗೆ ತಾಪ, ಒತ್ತಡ ಯಾವುದೂ ಗೊತ್ತಿಲ್ಲ. ಅದರ ಮೂಲಕ ಹಾದುಹೋದ ಗಾತ್ರವನ್ನಷ್ಟೇ ಅದು ಎಣಿಸುತ್ತದೆ.

ಒಲೆಗೆ ಬರುವ ಗ್ಯಾಸಿನ ಒತ್ತಡ ಹೊರಗಿನ ಗಾಳಿಗಿಂತ 21 ಮಿಲಿಬಾರ್‌ನಷ್ಟು ಮಾತ್ರ ಹೆಚ್ಚು. ಬೆಂಗಳೂರಿನಲ್ಲಿ ಗಾಳಿಯ ಒತ್ತಡ 908 ಎಂದಿಟ್ಟುಕೊಂಡರೆ ಒಟ್ಟು 929 ಮಿಲಿಬಾರ್. ತಾಪ 27 ಡಿಗ್ರಿ. ಲೆಕ್ಕ ಹಾಕಿದರೆ ಮೀಟರಿನ 1 ಘನಮೀಟರ್ ಎಂದರೆ 0.88 ಎಸ್‌ಸಿಎಂ. ಕಡಲ ಮಟ್ಟದ ಮಂಗಳೂರಿನಲ್ಲಿ ಅದೇ 27 ಡಿಗ್ರಿಯಲ್ಲಿ 0.98. ನಿಮ್ಮ ಬಿಲ್ಲಿನಲ್ಲಿ ಪರಿವರ್ತನೆಯ ಗುಣಾಂಕ ಹಾಕಿದ್ದಾರೆಯೇ, ಹಾಕಿದ್ದರೆ ಎಷ್ಟು ಎಂದು ನೋಡಿ, ಕಾಣದಿದ್ದರೆ ಕೇಳಿ. ವಾಹನಕ್ಕೆ ತುಂಬುವ ಸಿಎನ್‌ಜಿಯನ್ನು ಕೆಜಿ ಲೆಕ್ಕದಲ್ಲಿ ಮಾರುವುದರಿಂದ ಅಲ್ಲಿ ಈ ರಗಳೆಯೇ ಇಲ್ಲ.

ಕೋವಿಡ್ ಟೈಮಲ್ಲಿ ಆಕ್ಸಿಜನ್ನನ್ನ ಒಬ್ಬರು ಟನ್ ಅಂತಿದ್ರು, ಒಬ್ಬರು ಸಿಲಿಂಡರ್, ಇನ್ನೊಬ್ಬರು ಲೀಟರ್. ಹೋಲಿಸೋದು ಹೇಗೆ?

2021ರ ಎರಡನೇ ಅಲೆಯಲ್ಲಿ ಇದು ಬರೀ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಟ್ಯಾಂಕರಿನಲ್ಲಿ ಬರುವುದು ದ್ರವ, ಅದರ ಲೆಕ್ಕ ಟನ್ನಿನಲ್ಲಿ. ರೋಗಿಗೆ ಹೋಗುವುದು ಅನಿಲ, ಅದರ ಲೆಕ್ಕ ನಿಮಿಷಕ್ಕೆ ಇಷ್ಟು ಲೀಟರ್. ನಡುವೆ ಜಂಬೋ ಸಿಲಿಂಡರ್.

1 ಟನ್ ಆಕ್ಸಿಜನ್ 15 ಡಿಗ್ರಿ, 1 ಅಟ್ಮಾಸ್ಫಿಯರ್‌ನಲ್ಲಿ ಸುಮಾರು 740 ಘನಮೀಟರ್ ಅನಿಲವಾಗುತ್ತದೆ. 0 ಡಿಗ್ರಿಯ ಲೆಕ್ಕ ಹಿಡಿದರೆ 700. ಜಂಬೋ ಸಿಲಿಂಡರಿನ ಒಳಗೆ ನೀರು ತುಂಬಿದರೆ ಹಿಡಿಸುವುದು 46.7 ಲೀಟರ್ ಮಾತ್ರ. 150 ಬಾರ್ ಒತ್ತಡದಲ್ಲಿ ಆಕ್ಸಿಜನ್ ತುಂಬಿದಾಗ ಅದು ಹೊರಗೆ ಬಂದು 7 ಘನಮೀಟರ್ ಆಗುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ಒಬ್ಬ ರೋಗಿಗೆ ದಿನಕ್ಕೆ 14.4 ಘನಮೀಟರ್, ಅಂದರೆ ಎರಡು ಜಂಬೋ ಸಿಲಿಂಡರ್. ಒಂದು ಟನ್ನಿಗೆ ನೂರು ಸಿಲಿಂಡರಿನ ಮೇಲೆ ಸ್ವಲ್ಪ. ಹೀಗೆ ಬಾಯಿಲೆಕ್ಕ ಮಾಡಲು ಬರುವುದು ಎಲ್ಲವನ್ನೂ ಒಂದೇ ತಾಪ, ಒಂದೇ ಒತ್ತಡಕ್ಕೆ ತಂದಾಗ ಮಾತ್ರ.

ವಿಮಾನದಲ್ಲಿ 1013 ಅಂತ ಒಂದು ನಂಬರ್ ಸೆಟ್ ಮಾಡ್ತಾರಂತೆ. ಹೊರಗಿನ ಒತ್ತಡ ಅಷ್ಟೇ ಇರುತ್ತಾ?

ಹೆಚ್ಚಿನ ದಿನ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆಲ್ಟಿಮೀಟರ್ ಎಂಬುದು ಎತ್ತರದ ಅಂಕೆ ಬರೆದ ಒತ್ತಡಮಾಪಕ. ನಿಗದಿಯಾದ ಎತ್ತರ ದಾಟಿದ ಮೇಲೆ ಎಲ್ಲ ಪೈಲಟ್‌ಗಳೂ 1013.25 ಹೆಕ್ಟೋಪಾಸ್ಕಲ್ ಇಡುತ್ತಾರೆ. ಆಗ ಎಲ್ಲರ ಆಲ್ಟಿಮೀಟರೂ ನಿಜವಾದ ಎತ್ತರದಿಂದ ಒಂದೇ ಪ್ರಮಾಣದಲ್ಲಿ ತಪ್ಪಿರುತ್ತದೆ. ಎರಡು ವಿಮಾನಗಳ ನಡುವಿನ ಅಂತರ ಮಾತ್ರ ಸರಿಯಾಗಿರುತ್ತದೆ, ಡಿಕ್ಕಿ ತಪ್ಪಿಸಲು ಬೇಕಾದದ್ದು ಅದೇ.

ವಾಯುಯಾನದ ಮಾದರಿ ವಾತಾವರಣದಲ್ಲಿ ಕಡಲ ಮಟ್ಟದ ತಾಪ 15 ಡಿಗ್ರಿ, ಮೇಲೆ ಹೋದಂತೆ ಕಿಲೋಮೀಟರಿಗೆ 6.5 ಡಿಗ್ರಿ ಇಳಿಕೆ. ಅದರ ಪ್ರಕಾರ 915 ಮೀಟರ್ ಎತ್ತರದ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 35 ಇದ್ದರೆ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ರೆಕ್ಕೆ ಮತ್ತು ಎಂಜಿನ್ನಿನ ಪಾಲಿಗೆ ವಿಮಾನ ಸುಮಾರು 1,850 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ತುದಿಗೆ ಸ್ವಲ್ಪವೇ ಕಮ್ಮಿ. ಓಡುದಾರಿ ಉದ್ದ ಬೇಕಾಗುವುದು ಇದಕ್ಕೇ.

## ಕಾರ್ಖಾನೆ, ಲ್ಯಾಬ್

ಕೊಟೇಶನ್‌ನಲ್ಲಿ ಒಬ್ಬ ನಾರ್ಮಲ್ ಕ್ಯೂಬಿಕ್ ಮೀಟರ್ ಅಂತಾನೆ, ಒಬ್ಬ ಸ್ಟ್ಯಾಂಡರ್ಡ್ ಅಂತಾನೆ, ಇನ್ನೊಬ್ಬ ಎಫ್‌ಎಡಿ ಅಂತಾನೆ. ಯಾವ ಕಂಪ್ರೆಸರ್ ತಗೊಳ್ಳಲಿ?

ಪೀಣ್ಯದ ಕಡೆಯಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ದುಡ್ಡು ಹೋಗುವ ಜಾಗವೂ ಇದೇ.

ನಾರ್ಮಲ್ ಘನಮೀಟರ್ ಎಂದರೆ ಸಾಮಾನ್ಯವಾಗಿ 0 ಡಿಗ್ರಿ, 1 ಅಟ್ಮಾಸ್ಫಿಯರ್. ಸ್ಟ್ಯಾಂಡರ್ಡ್ ಎಂದರೆ ಸಾಮಾನ್ಯವಾಗಿ 15 ಡಿಗ್ರಿ. ಅಮೆರಿಕದ ಕಂಪನಿಯಾದರೆ 60 ಡಿಗ್ರಿ ಫ್ಯಾರನ್‌ಹೀಟ್ ಇರಬಹುದು. 0 ಡಿಗ್ರಿಯ ನಾರ್ಮಲ್‌ಗೂ 15 ಡಿಗ್ರಿಯ ಸ್ಟ್ಯಾಂಡರ್ಡ್‌ಗೂ ನಡುವೆಯೇ ಶೇ 5.5 ವ್ಯತ್ಯಾಸ. ಎಫ್‌ಎಡಿ ಬೇರೆಯದೇ ಜಾತಿ: ಕಂಪ್ರೆಸರ್ ಹೊರಗೆ ಕೊಟ್ಟ ಗಾಳಿಯನ್ನು, ಅದು ಒಳಗೆ ಎಳೆದುಕೊಂಡ ಜಾಗದ ತಾಪ ಮತ್ತು ಒತ್ತಡಕ್ಕೆ ವಾಪಸ್ ತಂದು ಹೇಳುವ ಗಾತ್ರ. ಕ್ಯಾಟಲಾಗಿನಲ್ಲಿ ಕೊಡುವ ಅಂಕೆಗೆ ಐಎಸ್‌ಒ 1217 ಪ್ರಕಾರ 20 ಡಿಗ್ರಿ, 1 ಬಾರ್, ಒಣಗಾಳಿ ಎಂಬುದು ಆಧಾರ.

ಈಗ ನಿಮ್ಮ ಯಂತ್ರಕ್ಕೆ ಗಂಟೆಗೆ 100 ನಾರ್ಮಲ್ ಘನಮೀಟರ್ ಬೇಕು. ಶೆಡ್ಡಿನೊಳಗೆ 30 ಡಿಗ್ರಿ, ಒತ್ತಡ 908 ಹೆಕ್ಟೋಪಾಸ್ಕಲ್. ತಾಪಕ್ಕಾಗಿ 303.15ನ್ನು 273.15ರಿಂದ ಭಾಗಿಸಿ, 1.11. ಒತ್ತಡಕ್ಕಾಗಿ 1013.25ನ್ನು 908ರಿಂದ ಭಾಗಿಸಿ, 1.116. ಎರಡನ್ನೂ ಗುಣಿಸಿದರೆ 1.24. ಅಂದರೆ ಗಂಟೆಗೆ 124 ಘನಮೀಟರ್ ಗಾಳಿ ಎಳೆಯುವ ಕಂಪ್ರೆಸರ್ ಬೇಕು. ಸಿಎಫ್‌ಎಂನಲ್ಲಿ (ನಿಮಿಷಕ್ಕೆ ಇಷ್ಟು ಘನ ಅಡಿ) ಹೇಳಿದರೆ 59 ಅಲ್ಲ, 73. "ನೂರಕ್ಕೆ ನೂರು" ಎಂದು ನೋಡಿ ತಂದವರ ಯಂತ್ರ ಮೂರು ಕಡೆ ಒಟ್ಟಿಗೆ ಓಡಿಸಿದ ಕೂಡಲೇ ಒತ್ತಡ ಬೀಳುತ್ತದೆ. ಆಮೇಲೆ ಪೈಪು, ವಾಲ್ವು, ಫಿಟ್ಟರ್ ಎಲ್ಲರಿಗೂ ಬೈಗುಳ. ಚೆನ್ನೈಯಲ್ಲಿ ಚೆನ್ನಾಗಿ ನಡೆದ ಲೆಕ್ಕ ಬೆಂಗಳೂರಿನಲ್ಲಿ ಕೈಕೊಡುವುದು ಈ ಒತ್ತಡದ ಭಾಗದಿಂದ.

ಮಾರುವವರಿಂದ ತಾಪ, ಒತ್ತಡ, ತೇವಾಂಶ ಮೂರನ್ನೂ ಅಂಕೆಯಲ್ಲಿ ಬರೆಸಿಕೊಳ್ಳಿ. "ನಾರ್ಮಲ್" ಎಂಬ ಪದವನ್ನು ನಂಬಿ ಆರ್ಡರ್ ಕೊಡಬೇಡಿ.

ಮೈಕ್ರೋಮೀಟರ್ ಮೇಲೆ 20 ಡಿಗ್ರಿ ಅಂತಿದೆ. ಶಾಪ್‌ನಲ್ಲಿ 30 ಇದ್ದರೆ ಅಳತೆ ತಪ್ಪಾಗುತ್ತಾ?

ಏನನ್ನು ಅಳೆಯುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. ಉದ್ದದ ಅಳತೆಗೆ 20 ಡಿಗ್ರಿ ಎಂಬುದು 1931ರಲ್ಲೇ ಅಂತರರಾಷ್ಟ್ರೀಯವಾಗಿ ನಿರ್ಧಾರವಾಯಿತು. ಅದಕ್ಕೂ ಮೊದಲು ಫ್ರೆಂಚರದು 0 ಡಿಗ್ರಿ, ಬ್ರಿಟಿಷರದು 62 ಡಿಗ್ರಿ ಫ್ಯಾರನ್‌ಹೀಟ್ ಎಂದು ಗೊಂದಲವಿತ್ತು.

100 ಮಿಲಿಮೀಟರ್ ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 11.5 ಮೈಕ್ರಾನ್ ಬೆಳೆಯುತ್ತದೆ. ಅಳೆಯುವ ಸಾಧನವೂ ಉಕ್ಕು, ಜಾಬೂ (ಅಳೆಸಿಕೊಳ್ಳುವ ವಸ್ತು) ಉಕ್ಕು, ಎರಡೂ ಒಂದೇ ತಾಪದಲ್ಲಿದ್ದರೆ ಇಬ್ಬರೂ ಒಟ್ಟಿಗೆ ಬೆಳೆದಿರುತ್ತಾರೆ, ತೊಂದರೆಯಿಲ್ಲ. ಜಾಬ್ ಅಲ್ಯೂಮಿನಿಯಂ ಆದರೆ ಅದು 23 ಮೈಕ್ರಾನ್ ಬೆಳೆಯುತ್ತದೆ. ಉಳಿದ 11.5 ಮೈಕ್ರಾನ್ ನಿಮ್ಮ ಟಾಲರೆನ್ಸನ್ನು ನುಂಗಿಹಾಕಬಹುದು. ಲೇತಿನಿಂದ ಆಗಷ್ಟೇ ಇಳಿಸಿದ ಬಿಸಿ ಜಾಬನ್ನು ಅಳೆಯುವುದಂತೂ ಶುದ್ಧ ಅವಸರ.

ಸಿಮೆಂಟ್ ಕ್ಯೂಬ್ ಟೆಸ್ಟಿಗೆ 27 ಡಿಗ್ರಿ ಅಂತಾರೆ. ಹೊರದೇಶದಲ್ಲಿ 20 ಅಂತೆ. ನಮ್ಮದು ಯಾಕೆ ಬೇರೆ?

ನಮ್ಮದು ಬೆಚ್ಚಗಿನ ದೇಶ. ವರ್ಷವಿಡೀ ಲ್ಯಾಬನ್ನು 20 ಡಿಗ್ರಿಗೆ ಇಳಿಸಿಟ್ಟರೆ ಕರೆಂಟ್ ಬಿಲ್ ಏರುತ್ತದೆ, ಬರುವ ಫಲಿತಾಂಶಕ್ಕೂ ನಮ್ಮ ಕಟ್ಟಡಕ್ಕೂ ನಂಟು ಕಮ್ಮಿ. ಹಾಗಾಗಿ ಭಾರತೀಯ ಮಾನಕಗಳು ಪರೀಕ್ಷೆಯ ವಾತಾವರಣಕ್ಕೆ 27 ಡಿಗ್ರಿ, ಶೇ 65 ಸಾಪೇಕ್ಷ ಆರ್ದ್ರತೆಯನ್ನು ಆರಿಸಿಕೊಂಡಿವೆ. ಕ್ಯೂಬುಗಳನ್ನು ನೆನೆಹಾಕುವ ನೀರಿಗೂ 27, ಹೆಚ್ಚೆಂದರೆ 2 ಡಿಗ್ರಿ ಆಚೀಚೆ. ತಣ್ಣನೆಯ ನೀರಿನಲ್ಲಿಟ್ಟ ಕಾಂಕ್ರೀಟ್ ಏಳನೇ ದಿನ ಕಡಿಮೆ ಬಲ ತೋರಿಸುತ್ತದೆ, ಬೆಚ್ಚಗಿಟ್ಟದ್ದು ಹೆಚ್ಚು. ಟ್ಯಾಂಕಿನ ತಾಪ ನೋಡದೆ ಕಂಟ್ರಾಕ್ಟರನ್ನು ಹೊಗಳುವುದೂ ಬೈಯುವುದೂ ಎರಡೂ ಅನ್ಯಾಯ.

ನೂಲಿಗೂ ಇದೇ ಮಾತು. ಹತ್ತಿ, ರೇಷ್ಮೆ ಗಾಳಿಯ ತೇವ ಕುಡಿದು ತೂಕ ಹೆಚ್ಚಿಸಿಕೊಳ್ಳುತ್ತವೆ. ಒಣ ತೂಕದ ಮೇಲೆ ಹತ್ತಿಗೆ ಶೇ 8.5, ರೇಷ್ಮೆಗೆ ಶೇ 11 ತೇವ ಎಂದು ವ್ಯಾಪಾರಕ್ಕೆ ಒಪ್ಪಿಕೊಂಡಿದ್ದಾರೆ. ಇಲ್ಲದಿದ್ದರೆ ಮಳೆಗಾಲದಲ್ಲಿ ಕಚ್ಚಾ ರೇಷ್ಮೆ ಕೊಂಡವರು ನೀರಿಗೂ ರೇಷ್ಮೆಯ ಬೆಲೆ ತೆರಬೇಕಾಗುತ್ತಿತ್ತು.

ಚಿಮಣಿಯ ಹೊಗೆ ವರದಿಯಲ್ಲಿ "ನಾರ್ಮಲ್ ಘನಮೀಟರಿಗೆ ಇಷ್ಟು ಮಿಲಿಗ್ರಾಂ" ಅಂತಿರುತ್ತೆ. ನೇರವಾಗಿ ಅಳೆದದ್ದನ್ನೇ ಬರೆದ್ರೆ ಏನು?

ಬರೆದರೆ ಹೊಗೆಯನ್ನು ಬಿಸಿಯಾಗಿಟ್ಟವರು ಗೆಲ್ಲುತ್ತಾರೆ. 130 ಡಿಗ್ರಿಯ ಹೊಗೆ 25 ಡಿಗ್ರಿಯಲ್ಲಿ ಇರುವುದಕ್ಕಿಂತ ಶೇ 35 ಹೆಚ್ಚು ಜಾಗ ತುಂಬುತ್ತದೆ, ಅದೇ ದೂಳು ಹೆಚ್ಚು ಘನಮೀಟರಿನಲ್ಲಿ ಹರಡಿ ಕಮ್ಮಿ ಕಾಣುತ್ತದೆ. ಇಲ್ಲಿ ಎಚ್ಚರ: ಭಾರತದ ಮಾಲಿನ್ಯ ನಿಯಂತ್ರಣದ ಲೆಕ್ಕದಲ್ಲಿ ನಾರ್ಮಲ್ ಎಂದರೆ 25 ಡಿಗ್ರಿ, 760 ಮಿಲಿಮೀಟರ್ ಪಾದರಸ, ಒಣ ಅನಿಲ. ಯುರೋಪಿನಲ್ಲಿ 0 ಡಿಗ್ರಿ.

ಇನ್ನೊಂದು ಉಪಾಯವೂ ಇದೆ: ಚಿಮಣಿಗೆ ಹೊರಗಾಳಿ ಬೆರೆಸುವುದು. ಅದನ್ನು ತಡೆಯಲು ಆಕ್ಸಿಜನ್ನಿನ ತಿದ್ದುಪಡಿ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಕ್ಕೆ ಶೇ 6 ಆಕ್ಸಿಜನ್ ಆಧಾರ. ಅಳೆದಾಗ 40 ಮಿಲಿಗ್ರಾಂ ಬಂತು, ಆದರೆ ಹೊಗೆಯಲ್ಲಿ ಆಕ್ಸಿಜನ್ ಶೇ 11 ಇತ್ತು ಎಂದಾದರೆ 40ನ್ನು 15ರಿಂದ ಗುಣಿಸಿ 10ರಿಂದ ಭಾಗಿಸಬೇಕು (ಗಾಳಿಯ ಆಕ್ಸಿಜನ್ ಶೇ 21, ಅದರಿಂದ 6 ಕಳೆದರೆ 15, 11 ಕಳೆದರೆ 10). ಬರುವುದು 60. ಮಿತಿ 50 ಇದ್ದರೆ ಪಾಸಾಗಿದ್ದವರು ಫೇಲ್.

ಛಾವಣಿಯ ಸೋಲಾರ್ ಪ್ಯಾನೆಲ್ 540 ವ್ಯಾಟ್ ಅಂತ ಕೊಟ್ರು. ಒಂದು ದಿನವೂ ಅಷ್ಟು ಬಂದಿಲ್ಲ. ಮೋಸನಾ?

ಮೋಸವಲ್ಲ. ಅಲ್ಲಿ ಒತ್ತಡ ಇಲ್ಲ, ಆದರೆ ಇದೇ ಬಗೆಯ ಒಪ್ಪಂದವಿದೆ: ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಸೆಲ್ಲಿನ ತಾಪ 25 ಡಿಗ್ರಿ. ನಮ್ಮ ಬಿಸಿಲಿನಲ್ಲಿ ಸೆಲ್ 55 ಡಿಗ್ರಿ ಮುಟ್ಟುವುದು ಸಾಮಾನ್ಯ. ಡಿಗ್ರಿಗೆ ಶೇ 0.35 ಇಳಿಕೆ ಹಿಡಿದರೆ ಪೂರ್ತಿ ಬೆಳಕಿನಲ್ಲೂ 480 ವ್ಯಾಟಿನ ಆಸುಪಾಸು. ಕಂಪನಿ ಕಂಪನಿಗಳ ಪ್ಯಾನೆಲ್ ಹೋಲಿಸಲು 540 ಬಳಸಿ, ಪಾವಗಡದ ಮಧ್ಯಾಹ್ನಕ್ಕೆ ಬಳಸಬೇಡಿ.

## ಇನ್ನೂ ಒಳಗೆ ಹೋಗುವವರಿಗೆ

ಎಂಥಾಲ್ಪಿ ಟೇಬಲ್ಲಿನಲ್ಲಿ 298 ಕೆಲ್ವಿನ್ ಇದೆ. ಎಸ್‌ಟಿಪಿ 273 ಅಲ್ವಾ? ಯಾವುದು ಸ್ಟ್ಯಾಂಡರ್ಡ್?

ಎರಡು ಬೇರೆ ವಿಷಯಗಳು. ಎಸ್‌ಟಿಪಿ ಅನಿಲದ ಗಾತ್ರ ಹೇಳಲು. ಉಷ್ಣಗತಿಶಾಸ್ತ್ರದ "ಪ್ರಮಾಣ ಸ್ಥಿತಿ"ಯಲ್ಲಿ ಒತ್ತಡ ಮಾತ್ರ ನಿಗದಿ, 1 ಬಾರ್. ತಾಪ ಅದರ ಭಾಗವೇ ಅಲ್ಲ. 500 ಕೆಲ್ವಿನ್‌ನಲ್ಲೂ ಪ್ರಮಾಣ ಎಂಥಾಲ್ಪಿ ಇರುತ್ತದೆ. ಟೇಬಲ್ಲುಗಳಲ್ಲಿ 298.15 ಕಾಣುವುದು ಲ್ಯಾಬಿನ ತಾಪಕ್ಕೆ ಹತ್ತಿರ ಎಂಬ ರೂಢಿಯಿಂದ. ಹಳೆಯ ಟೇಬಲ್ಲು 1 ಅಟ್ಮಾಸ್ಫಿಯರಿನದ್ದಾದರೆ ಅನಿಲದ ಎಂಟ್ರೊಪಿಗೆ ಮೋಲಿಗೆ, ಕೆಲ್ವಿನ್ನಿಗೆ 0.109 ಜೂಲ್ ಸೇರಿಸಿಕೊಳ್ಳಿ. ಎಂಥಾಲ್ಪಿಯಲ್ಲಿ ಗಮನಿಸುವಂಥ ವ್ಯತ್ಯಾಸವಿಲ್ಲ.

ತೇವಾಂಶ ಇಷ್ಟು ಮುಖ್ಯನಾ? ಶ್ವಾಸಕೋಶದ ಟೆಸ್ಟ್ ರಿಪೋರ್ಟಲ್ಲಿ ಬಿಟಿಪಿಎಸ್ ಅಂತ ಬರೆದಿರುತ್ತೆ, ಅದೂ ಇದೇನಾ?

ಹೌದು. ಮಂಗಳೂರಿನ 30 ಡಿಗ್ರಿ, ಶೇ 80 ಆರ್ದ್ರತೆಯ ಗಾಳಿಯಲ್ಲಿ ಶೇ 3.4ರಷ್ಟು ಬರೀ ನೀರಾವಿ. ನೀರಿನ ಮೇಲೆ ಅನಿಲ ಸಂಗ್ರಹಿಸುವಾಗ ನೀರಾವಿಯ ಒತ್ತಡ ಕಳೆಯಿರಿ ಎಂದು ಪಿಯುಸಿಯಲ್ಲಿ ಹೇಳುವುದು ಇದನ್ನೇ.

ಶ್ವಾಸಕೋಶದೊಳಗೆ ಗಾಳಿ 37 ಡಿಗ್ರಿಯಲ್ಲಿ, ತೇವದಿಂದ ತುಂಬಿರುತ್ತದೆ. ಊದಿದ ಗಾಳಿ 25 ಡಿಗ್ರಿಯ ಯಂತ್ರಕ್ಕೆ ಬಂದು ತಣ್ಣಗಾಗಿ ಕುಗ್ಗುತ್ತದೆ. ವೈದ್ಯರಿಗೆ ಬೇಕಾದದ್ದು ಶ್ವಾಸಕೋಶದ ಗಾತ್ರ, ಆದ್ದರಿಂದ ಅಳೆದದ್ದನ್ನು ಸುಮಾರು 1.075ರಿಂದ ಗುಣಿಸಿ ದೇಹದ ತಾಪಕ್ಕೆ ತರುತ್ತಾರೆ. ಬಿಟಿಪಿಎಸ್ ಎಂದರೆ ಇದೇ: ದೇಹದ ತಾಪ, ಸುತ್ತಲಿನ ಒತ್ತಡ, ತೇವದಿಂದ ತುಂಬಿದ ಗಾಳಿ. ಅದೇ ಓಟಗಾರರ ಆಕ್ಸಿಜನ್ ಬಳಕೆ ಅಳೆಯುವಾಗ ಬೇಕಾದದ್ದು ಅಣುಗಳ ಸಂಖ್ಯೆ. ಅದನ್ನು 0 ಡಿಗ್ರಿ, 760 ಮಿಲಿಮೀಟರ್, ಒಣ ಅನಿಲಕ್ಕೆ ತಂದು ಹೇಳುತ್ತಾರೆ. ಒಂದೇ ಉಸಿರಿಗೆ ಎರಡು ಮಾನಕ, ಎರಡಕ್ಕೂ ಕಾರಣವಿದೆ.

ಮಾಸ್ ಫ್ಲೋ ಕಂಟ್ರೋಲರ್ ಅಳೆಯೋದು ಮಾಸ್. ಮತ್ತೆ ಡಿಸ್‌ಪ್ಲೇಯಲ್ಲಿ ಎಸ್‌ಸಿಸಿಎಂ ಯಾಕೆ?

ರೂಢಿ, ಅಷ್ಟೇ. ಅನಿಲದ ಹರಿವನ್ನು ಹತೋಟಿಯಲ್ಲಿಡುವ ಈ ಸಾಧನ ಬಳಸುವ ಚಿಪ್ ತಯಾರಿಕೆಯಲ್ಲಿ 1 ಎಸ್‌ಸಿಸಿಎಂ ಎಂದರೆ 0 ಡಿಗ್ರಿ, 1 ಅಟ್ಮಾಸ್ಫಿಯರಿನ ಲೆಕ್ಕದಲ್ಲಿ ನಿಮಿಷಕ್ಕೆ 1 ಘನ ಸೆಂಟಿಮೀಟರ್, ಅಂದರೆ 44.6 ಮೈಕ್ರೋಮೋಲ್. ಹೆಸರು ಗಾತ್ರದ್ದು, ಒಳಗಿರುವುದು ಅಣುಗಳ ಎಣಿಕೆ. ಕೆಲವು ತಯಾರಕರು 20 ಅಥವಾ 25 ಡಿಗ್ರಿ ಹಿಡಿಯುತ್ತಾರೆ. ಕಂಪನಿ ಬದಲಿಸಿ ಅದೇ 50 ಇಟ್ಟರೆ ಅನಿಲ ಶೇ 7ರಿಂದ 8 ಕಮ್ಮಿ ಹೋಗುತ್ತದೆ, ಫಿಲ್ಮಿನ ದಪ್ಪ ಬದಲಾಗುತ್ತದೆ. ಮೋಲಿನಲ್ಲೇ ಹೇಳುವುದು ವಾಸಿ ಎಂಬುದು ನನ್ನ ಅಭಿಪ್ರಾಯ, ಕೇಳುವವರು ಕಮ್ಮಿ.

ಇಷ್ಟೆಲ್ಲ ಗೊಂದಲ ಯಾಕೆ? ಪ್ರಪಂಚಕ್ಕೆಲ್ಲ ಒಂದೇ ಮಾನಕ ಮಾಡಿದ್ರೆ ಮುಗೀತಲ್ಲ.

ಮಾಡುವವರು ಪ್ರಯತ್ನಿಸಿದ್ದಾರೆ. ನೈಸರ್ಗಿಕ ಅನಿಲಕ್ಕೆ ಐಎಸ್‌ಒ 13443 ಎಂಬ ಮಾನಕ 15 ಡಿಗ್ರಿ, 101.325 ಕಿಲೋಪಾಸ್ಕಲ್ ಎನ್ನುತ್ತದೆ. ಆದರೆ ಅನಿಲದ ಒಪ್ಪಂದಗಳು ಇಪ್ಪತ್ತು ವರ್ಷದವು, ಬೆಲೆ ಘನಮೀಟರಿನ ಮೇಲೆ ನಿಂತಿದೆ. ಆಧಾರ ಬದಲಿಸಿದರೆ ಬೆಲೆಯೂ ಬದಲಾಗಬೇಕು, ಅದಕ್ಕೆ ಇನ್ನೊಂದು ಸುತ್ತು ಮಾತುಕತೆ. ಜೊತೆಗೆ ಉರಿಸಿದಾಗ ಬರುವ ಶಾಖಕ್ಕೆ ಎರಡು ತಾಪ ಬೇಕು: ದಹನದ ಲೆಕ್ಕಕ್ಕೊಂದು, ಗಾತ್ರದ ಲೆಕ್ಕಕ್ಕೊಂದು. ಜರ್ಮನಿಯಲ್ಲಿ 25 ಮತ್ತು 0, ಬ್ರಿಟನ್ನಿನಲ್ಲಿ 15 ಮತ್ತು 15. ಅದೇ ಗ್ಯಾಸ್, ಕಾಗದದ ಮೇಲೆ ಎರಡು ಶಾಖ.

ಈ ಲೆಕ್ಕ ಎಲ್ಲ ಒತ್ತಡಕ್ಕೂ ನಡೆಯುತ್ತಾ? ನನ್ನ ಕಾರಿನ 60 ಲೀಟರ್ ಸಿಎನ್‌ಜಿ ಸಿಲಿಂಡರ್ ಲೆಕ್ಕಕ್ಕೆ ಸಿಗ್ತಿಲ್ಲ.

ಸಿಗುವುದಿಲ್ಲ, ಯಾಕೆಂದರೆ 200 ಬಾರ್‌ನಲ್ಲಿ ಮೀಥೇನ್ ಆದರ್ಶ ಅನಿಲದಂತೆ ನಡೆದುಕೊಳ್ಳುವುದಿಲ್ಲ. ಸಾದಾ ಸೂತ್ರದಲ್ಲಿ 60 ಲೀಟರನ್ನು 200 ಬಾರ್‌ನಿಂದ 1 ಅಟ್ಮಾಸ್ಫಿಯರಿಗೆ ತಂದರೆ 15 ಡಿಗ್ರಿಯಲ್ಲಿ ಸುಮಾರು 12 ಘನಮೀಟರ್, ಅಂದರೆ 8 ಕೆಜಿ. ವಾಸ್ತವದಲ್ಲಿ ಅಣುಗಳು ಒಂದನ್ನೊಂದು ಸೆಳೆದುಕೊಂಡು ಆ ಒತ್ತಡದಲ್ಲಿ ಇನ್ನಷ್ಟು ಒತ್ತಾಗಿ ಕೂರುತ್ತವೆ. ಸಂಪೀಡನ ಗುಣಾಂಕ (ಆದರ್ಶ ಅನಿಲದ ಗಾತ್ರಕ್ಕೆ ಹೋಲಿಸಿದರೆ ನಿಜವಾದ ಗಾತ್ರ ಎಷ್ಟು ಪಾಲು ಎಂಬುದು) ಸುಮಾರು 0.83 ಹಿಡಿದು ಭಾಗಿಸಿದರೆ 9.7 ಕೆಜಿ. ಬಂಕಿನಲ್ಲಿ ಮಧ್ಯಾಹ್ನ ಬೇಗ ಬೇಗ ತುಂಬಿಸಿದಾಗ ಸಿಲಿಂಡರ್ ಬಿಸಿಯಾಗಿ, ಅಷ್ಟೂ ಹಿಡಿಸುವ ಮೊದಲೇ 200 ಬಾರ್ ಮುಟ್ಟಿ ನಿಲ್ಲುತ್ತದೆ. ಹಾಗಾಗಿ ನಿಮ್ಮ ರಸೀದಿಯಲ್ಲಿ ಎಂಟೂವರೆ, ಒಂಬತ್ತು ಕೆಜಿ ಕಂಡರೆ ಅದು ಸಹಜ.